ಚೆಂದ ಕಂಡಲ್ಲೆಲ್ಲ ಕಡಲಿಗಿಳಿಯಬೇಡಿ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಒಂದು ವಿನಂತಿ. ಊರಿಂದ ಬಂದ ಅಪ್ಪ ಅಮ್ಮನನ್ನು ಹವಾಯಿಯ ಬಿಗ್ ಐಲ್ಯಾಂಡಿಗೆ ಕರೆದೊಯ್ಯುವವರಿದ್ದರೆ, ಬೀಚನ್ನು ಫೋಟೋ ನೋಡಿ ಆರಿಸಬೇಡಿ. ಹವಾಯಿಯಲ್ಲಿ ಪ್ರವಾಸಿಗರ ಅಪಘಾತ ಸಾವುಗಳಿಗೆ ಮೊದಲ ಕಾರಣವೇ ನೀರಿನಲ್ಲಿ ಮುಳುಗುವುದು.

ಜ್ವಾಲಾಮುಖಿಗಳು ಕಟ್ಟಿದ ಆ ದ್ವೀಪ ಇನ್ನೂ ಬೆಳೆಯುತ್ತಿದೆ. ಸ್ನಾರ್ಕೆಲಿಂಗಿಗೆ, ಅಂದರೆ ಮುಖ ನೀರಲ್ಲಿಟ್ಟು ಕೊಳವೆಯಿಂದ ಉಸಿರಾಡುತ್ತ ಮೀನು ನೋಡುವುದಕ್ಕೆ, ಹೆಸರಾಗಿದ್ದ ಕಪೋಹೋದ ಕೊಳಗಳನ್ನು 2018ರಲ್ಲಿ ಕಿಲಾವೇಯ ಜ್ವಾಲಾಮುಖಿಯ ಲಾವಾ ಮುಚ್ಚಿಹಾಕಿತು. ಹೊಸ ಲಾವಾ ಹರಿದ ಕಡೆ ಅಲೆ ತಡೆಯುವಷ್ಟು ಹವಳದ ದಿಬ್ಬ ಇನ್ನೂ ಬೆಳೆದಿರುವುದಿಲ್ಲ. ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಪುನಲುವಿನ ಕಪ್ಪು ಮರಳಿನಲ್ಲಿ ಆಮೆಗಳು ಬಿಸಿಲು ಕಾಯುವುದನ್ನು ಹತ್ತಡಿ ದೂರ ನಿಂತು ಕಣ್ತುಂಬ ನೋಡಿ. ಈಜುವುದು ಬೇಡ, ಅಲ್ಲಿ ಸೆಳೆತ ಜೋರು.

ಈಜಿಗೆ ಪಶ್ಚಿಮ ತೀರವೇ ಮೇಲು. ಹಾಪುನದ ಬಿಳಿ ಮರಳು ಬೇಸಿಗೆಯಲ್ಲಿ ಹಿತ. ಚಳಿಗಾಲದಲ್ಲಿ ವಾಯವ್ಯದಿಂದ ಬರುವ ದೊಡ್ಡ ಅಲೆ ದಡದಲ್ಲೇ ಒಡೆದು ಮನುಷ್ಯರನ್ನು ಎತ್ತಿ ಬಡಿಯುತ್ತದೆ, ಕತ್ತು ಬೆನ್ನು ಮುರಿಯುವುದು ಹೀಗೆಯೇ. ಕ್ರಿಸ್‌ಮಸ್ ರಜೆಯಲ್ಲಿ ಹೋಗುವವರು ಇದನ್ನು ಮರೆಯಬಾರದು. ಸ್ನಾರ್ಕೆಲ್ ಹೊಸದಾಗಿ ಕಲಿಯುವವರಿಗೆ ಕೋನಾದ ಕಹಲುವು ಸೂಕ್ತ: ನೀರು ಆಳವಿಲ್ಲ, ಹಳೆಯ ಕಲ್ಲಿನ ಅಡ್ಡಗಟ್ಟೆಯಿದೆ, ಲೈಫ್‌ಗಾರ್ಡ್ ಇರುತ್ತಾರೆ. ಹೋನೌನೌ ಬಳಿಯ ಟೂ ಸ್ಟೆಪ್‌ನಲ್ಲಿ ಮೀನುಗಳೇನೋ ಹೇರಳ, ಆದರೆ ಲಾವಾ ಬಂಡೆಯಿಂದ ನೇರ ಆಳಕ್ಕೆ ಇಳಿಯಬೇಕು. ಅದು ಚೆನ್ನಾಗಿ ಈಜು ಬಲ್ಲವರಿಗೆ ಮಾತ್ರ.

ಹಿರಿಯರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಸ್ನಾರ್ಕೆಲ್ ಹಾಕಿದವರು ಕೈಕಾಲು ಬಡಿಯದೆ, ಕೂಗದೆ ಮುಳುಗಿಬಿಡಬಹುದು. ಮುಖ ಕೆಳಗೆ ಮಾಡಿ ತೇಲುವುದನ್ನು ನೋಡಿದವರಿಗೆ ಅನುಮಾನವೇ ಬರುವುದಿಲ್ಲ. ಹೃದಯದ ತೊಂದರೆಯಿದ್ದರೆ ಹೊರಡುವ ಮುನ್ನವೇ ವೈದ್ಯರನ್ನು ಕೇಳಿ. ನೀರಿನಲ್ಲಿ ಹಿರಿಯರ ಪಕ್ಕದಲ್ಲೇ ಇರಿ. ಉಸಿರು ಸಾಲದು ಅನ್ನಿಸಿದ ತಕ್ಷಣ ಮಾಸ್ಕ್ ತೆಗೆದು ದಡಕ್ಕೆ ಬರಬೇಕೆಂದು ಮೊದಲೇ ಹೇಳಿಕೊಡಿ. ಸೀರೆ, ಚೂಡಿದಾರ ಒದ್ದೆಯಾದರೆ ಕಾಲಿಗೆ ಸುತ್ತಿಕೊಳ್ಳುತ್ತವೆ; ಅಮ್ಮನಿಗೆ ತುಂಬುತೋಳಿನ ಈಜುಡುಗೆ ಕೊಡಿಸಿ, ಸಂಕೋಚವೂ ಇರುವುದಿಲ್ಲ, ಸನ್‌ಸ್ಕ್ರೀನೂ ಕಡಿಮೆ ಸಾಕು. ಹವಳಕ್ಕೆ ಹಾನಿಯೆಂದು ಆಕ್ಸಿಬೆನ್‌ಜೋನ್, ಆಕ್ಟಿನೊಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರಾಟವನ್ನು ಹವಾಯಿ 2021ರಿಂದ ನಿಷೇಧಿಸಿದೆ. ಮನೆಯಿಂದಲೂ ಅದನ್ನು ಒಯ್ಯಬೇಡಿ, ಜಿಂಕ್ ಆಕ್ಸೈಡಿನದು ಕೊಳ್ಳಿ. ಸುಸ್ತಾಯಿತೆಂದು ಹವಳದ ಮೇಲೆ ಕಾಲೂರಬೇಡಿ.

ಕಡಲು ದಿನಕ್ಕೊಂದು ಬಗೆ. ಇಳಿಯುವ ಮುನ್ನ ಲೈಫ್‌ಗಾರ್ಡ್ ಹತ್ತಿರ ಹೋಗಿ ಇವತ್ತು ನೀರು ಹೇಗಿದೆ ಎಂದು ಕೇಳಿ. ಅವರು ಬೇಡವೆಂದರೆ, ಎಷ್ಟೇ ದುಡ್ಡು ಸುರಿದು ಬಂದಿದ್ದರೂ, ದಯವಿಟ್ಟು ಇಳಿಯಬೇಡಿ.