ಹಾವಿಗೆ ನುಸಿ ಬಂದರೆ ಮೊದಲು ಪೆಟ್ಟಿಗೆ ನೋಡಿ

ನಿಮ್ಮ ಬಾಲ್ ಪೈಥಾನ್ ಎರಡು ದಿನದಿಂದ ನೀರಿನ ಬಟ್ಟಲು ಬಿಟ್ಟು ಏಳ್ತಿಲ್ಲವಾ? ಸೆಖೆಗೂ ಇರಬಹುದು, ಪೊರೆ ಬಿಡುವ ಮುಂಚೆಯೂ ಹಾಗೆ ಮಾಡುತ್ತೆ. ಆದರೂ ಬಟ್ಟಲಿನ ತಳ ಒಮ್ಮೆ ನೋಡಿ. ಗಸಗಸೆಯಷ್ಟು ಸಣ್ಣ ಕಪ್ಪು ಚುಕ್ಕೆಗಳು ಮುಳುಗಿ ಬಿದ್ದಿದ್ದರೆ ಅದು ಮೈಟ್ಸ್, ಅಂದರೆ ನುಸಿ. ಅನುಮಾನ ಇದ್ದರೆ ಒದ್ದೆ ಬಿಳಿ ಟಿಶ್ಯೂನಿಂದ ಹಾವಿನ ಮೈ ಮೆಲ್ಲಗೆ ಸವರಿ ನೋಡಿ. ಕಣ್ಣಿನ ಅಂಚು, ಗದ್ದದ ಕೆಳಗಿನ ಸಂದು, ಇವೇ ಅದರ ಅಡಗುತಾಣ. ರಕ್ತ ಹೀರುವ ಹುಳ ಇದು. ಹೆಚ್ಚಾದರೆ ಹಾವು ಊಟ ಬಿಡುತ್ತೆ, ರಕ್ತಹೀನತೆ ಬರುತ್ತೆ, ಮರಿಯಾಗಿದ್ದರೆ ಸಾಯಲೂಬಹುದು.

ಆದರೆ ನುಸಿಗಿಂತ ಬೇಗ ಹಾವನ್ನು ಕೊಲ್ಲೋದು ನಮ್ಮ ಗಾಬರಿ. ನಾಯಿಗೆ ಅಂತ ತಂದಿಟ್ಟ ಉಣ್ಣೆ ಪೌಡರ್ ಉದುರಿಸೋದು, ಜಿರಲೆ ಸ್ಪ್ರೇ ಹೊಡೆಯೋದು, ಬೀರುವಿನ ನುಸಿಗುಳಿಗೆ ತಂದು ಪೆಟ್ಟಿಗೆಯೊಳಗೆ ಇಡೋದು. ಹೆಸರಲ್ಲೇ ನುಸಿ ಇದೆಯಲ್ಲ ಅಂತ! ದಯವಿಟ್ಟು ಇದ್ಯಾವುದೂ ಬೇಡ. ಹಾವು ದಿನವಿಡೀ ಆ ಮುಚ್ಚಿದ ಪೆಟ್ಟಿಗೆಯ ಗಾಳಿಯನ್ನೇ ಉಸಿರಾಡುತ್ತೆ, ಅದೇ ನೆಲದ ಮೇಲೆ ಹೊಟ್ಟೆ ಉಜ್ಜಿಕೊಂಡು ತೆವಳುತ್ತೆ. ವಿಷ ಏರಿದರೆ ಮೈ ನಡುಗುತ್ತೆ, ಮಗುಚಿಟ್ಟರೆ ತಾನಾಗಿ ತಿರುಗಿಕೊಳ್ಳೋಕೆ ಆಗಲ್ಲ. ಹಾಗಾದರೆ ಕೂಡಲೇ ಡಾಕ್ಟರ್ ಹತ್ತಿರ ಒಯ್ಯಬೇಕು.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿರೋದಿಲ್ಲ. ನುಸಿ ಮೊಟ್ಟೆ ಇಡೋದು ಹಾವಿನ ಮೇಲಲ್ಲ, ಪೆಟ್ಟಿಗೆಯ ಸಂದಿಗೊಂದಿಯಲ್ಲಿ, ಮರದ ಕೊಂಬೆಯ ಬಿರುಕಲ್ಲಿ, ಕೆಳಗೆ ಹಾಸಿದ ತೆಂಗಿನ ನಾರಿನ ಪುಡಿಯಲ್ಲಿ. ಹಾವಿಗೆ ಬೇಕಾದ ಬೆಚ್ಚಗಿನ ವಾತಾವರಣ ಅದಕ್ಕೂ ಹಬ್ಬ. ಮೊಟ್ಟೆಯಿಂದ ಬೆಳೆದ ನುಸಿಯಾಗೋಕೆ ಸುಮಾರು ಎರಡು ವಾರ ಸಾಕು. ಹಾಗಾಗಿ ಹಾವಿಗೆ ಒಂದು ಸ್ನಾನ ಮಾಡಿಸಿ ಮುಗೀತು ಅಂದುಕೊಂಡರೆ, ಮುಂದಿನ ತಿಂಗಳು ಮತ್ತೆ ಅದೇ ಕಥೆ.

ಹಾವನ್ನು ಗಾಳಿ ಆಡುವಂಥ, ಭದ್ರ ಮುಚ್ಚಳದ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ. ಹಾಸೋಕೆ ಟಿಶ್ಯೂ ಪೇಪರ್, ಒಂದು ನೀರಿನ ಬಟ್ಟಲು, ಅಡಗಲು ಒಂದು ರಟ್ಟಿನ ಪೆಟ್ಟಿಗೆ ಸಾಕು. ಪೇಪರ್, ರಟ್ಟು ದಿನಾ ಬದಲಿಸಿ. ಹಳೇ ಹಾಸು, ಕೊಂಬೆ ಎಲ್ಲ ಕವರ್‌ಗೆ ತುಂಬಿ ಬಿಗಿಯಾಗಿ ಕಟ್ಟಿ ಅವತ್ತೇ ಹೊರಗೆ ಹಾಕಿ. ಪೆಟ್ಟಿಗೆಯ ಮೂಲೆ ಮೂಲೆಗೆ ಬಿಸಿನೀರು, ಬ್ರಷ್. ಹಾವಿಗೆ ಉಗುರುಬೆಚ್ಚಗಿನ ನೀರಿನ ಸ್ನಾನ ಮಾಡಿಸಬಹುದು, ತಲೆ ಮುಳುಗದಷ್ಟೇ ನೀರು, ಪಕ್ಕದಲ್ಲಿ ನೀವು ಇರಲೇಬೇಕು. ನೀರಿನಿಂದ ಮೇಲೇ ಇರುವ ತಲೆಗೆ ನುಸಿ ಓಡಿಹೋಗುತ್ತೆ. ಹಾಗಾಗಿ ಸ್ನಾನವೊಂದನ್ನೇ ನಂಬಬೇಡಿ.

ಔಷಧ ಬೇಕೇ ಬೇಕು ಅನ್ನಿಸಿದರೆ ಸರೀಸೃಪ ನೋಡುವ ಪಶುವೈದ್ಯರನ್ನೇ ಕೇಳಿ. ಎಷ್ಟು, ಹೇಗೆ ಅನ್ನೋದು ಹಾವಿನ ತೂಕ, ಆರೋಗ್ಯ ನೋಡಿ ಅವರು ಹೇಳಬೇಕಾದ್ದು. ಪೆಟ್ಟಿಗೆಗೆ ಹೊಡೆಯುವ ಔಷಧ ಕೊಟ್ಟರೆ, ಹಾವನ್ನೂ ನೀರಿನ ಬಟ್ಟಲನ್ನೂ ಹೊರಗಿಟ್ಟು ಹೊಡೆದು, ಪೂರ್ತಿ ಒಣಗಿ ವಾಸನೆ ಹೋದ ಮೇಲೇ ಹಾವನ್ನು ಒಳಗೆ ಬಿಡಿ. ಮನೆಯಲ್ಲಿ ಆಮೆ ಇದ್ದರೆ ಐವರ್ಮೆಕ್ಟಿನ್ ಅದರ ಹತ್ತಿರವೂ ಸುಳಿಯಬಾರದು, ಆಮೆಗೆ ಅದು ಮಾರಕ.

ಡಾಕ್ಟರ್ ಹತ್ತಿರ ಹೋಗೋಕೇ ಹಿಂಜರಿಯೋರೂ ಇದ್ದಾರೆ, ಕಾಗದಪತ್ರ ಸರಿಯಿಲ್ಲ ಅಂತ. ಬಾಲ್ ಪೈಥಾನ್ ಆಫ್ರಿಕಾದ್ದು. 2024ರ ನಿಯಮದ ಪ್ರಕಾರ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಣಿ ಆಗಿರಬೇಕು. ಇನ್ನು ನಮ್ಮ ನಾಗರ, ಕೇರೆ, ಹೆಬ್ಬಾವನ್ನು ಸಾಕುವ ಮಾತೇ ಇಲ್ಲ, 1972ರ ವನ್ಯಜೀವಿ ಕಾಯ್ದೆ ಬಿಡೋದಿಲ್ಲ. ಕಾಗದದ ಭಯಕ್ಕೆ ಹಾವಿಗೆ ಚಿಕಿತ್ಸೆ ತಪ್ಪಿಸೋದು ನನಗಂತೂ ಒಪ್ಪಿಗೆಯಿಲ್ಲ.

ಕೊನೆಯ ನುಸಿ ಕಂಡ ಮೇಲೂ ಒಂದೂವರೆ ತಿಂಗಳು ಪೇಪರ್ ಮೇಲೇ ಇಡಿ, ವಾರಕ್ಕೊಮ್ಮೆ ಪೆಟ್ಟಿಗೆ ತೊಳೆಯಿರಿ. ಹೊಸ ಹಾವು ತಂದರೆ ಬೇರೆ ಕೋಣೆಯಲ್ಲಿ ಎರಡು ಮೂರು ತಿಂಗಳು. ಅದನ್ನು ಮುಟ್ಟಿದ ಕೈ ತೊಳೆಯದೆ ಹಳೆಯದನ್ನು ಮುಟ್ಟಬೇಡಿ.

‘ಇದು ನಮಗೂ ಅಂಟುತ್ತಾ?’ ಅಂತ ಮನೆಯಲ್ಲಿ ಅಮ್ಮ ಕೇಳೇ ಕೇಳ್ತಾರೆ. ಅಪರೂಪಕ್ಕೆ ಕಚ್ಚಿ ಕೈ ಮೇಲೆ ಕೆಂಪು ಗುಳ್ಳೆ ಏಳಬಹುದು, ಆದರೆ ಮನುಷ್ಯರ ಮೇಲೆ ಅದು ಬಾಳೋದಿಲ್ಲ. ಹಾಗಂತ ಹೇಳಿ, ಪೆಟ್ಟಿಗೆ ತೊಳೆಯೋ ಬ್ರಷ್ ಮಾತ್ರ ಅಡುಗೆಮನೆ ಸಿಂಕ್‌ನಿಂದ ದೂರ ಇಡಿ.