ಸಾರುವೆ ಕುಸಿದಾಗ ಹೊಣೆ ಯಾರ ಹೆಗಲಿಗೆ?

ಮೊಪೆಡ್ ಒಂದನ್ನು ರಸ್ತೆಗಿಳಿಸಬೇಕಾದರೂ ಅದರಿಂದ ಮೂರನೆಯವರಿಗೆ ಆಗಬಹುದಾದ ಹಾನಿಗೆ ವಿಮೆ ಇರಲೇಬೇಕು. 1988ರ ಮೋಟಾರು ವಾಹನ ಕಾಯ್ದೆ ಅದನ್ನು ಕಡ್ಡಾಯಗೊಳಿಸಿದೆ. ಅದೇ ರಸ್ತೆಯ ಬದಿಯಲ್ಲಿ ಹತ್ತು ಅಂತಸ್ತಿನ ಎತ್ತರಕ್ಕೆ ಉಕ್ಕಿನ ಕೊಳವೆಗಳ ಸಾರುವೆ (ಸ್ಕ್ಯಾಫೋಲ್ಡಿಂಗ್) ಕಟ್ಟಿ, ಅದರ ಮೇಲೆ ಹತ್ತಾರು ಜನರನ್ನು ನಿಲ್ಲಿಸಿ, ಅದರ ಬುಡದಲ್ಲೇ ಪಾದಚಾರಿಗಳು ಓಡಾಡುವಂತೆ ಬಿಡುವ ಉಪಗುತ್ತಿಗೆದಾರನನ್ನು ಮಾತ್ರ ಖಾಸಗಿ ಕಾಮಗಾರಿಗಳಲ್ಲಿ 'ನಿನ್ನ ವಿಮೆ ಎಲ್ಲಿ?' ಎಂದು ಕೇಳುವವರು ವಿರಳ. ನಮ್ಮ ನಗರಗಳ ಕಟ್ಟಡ ಉದ್ಯಮದ ಅಡಿಪಾಯದಲ್ಲೇ ಇರುವ ಬಿರುಕು ಇದು.

2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ನಿರ್ಮಾಣ ಹಂತದಲ್ಲಿದ್ದ ಮೆಟ್ರೊ ಕಂಬದ ಕಬ್ಬಿಣದ ಚೌಕಟ್ಟು ವಾಹನಗಳ ಮೇಲೆ ಉರುಳಿ ತಾಯಿ ಮತ್ತು ಪುಟ್ಟ ಮಗ ಪ್ರಾಣ ಕಳೆದುಕೊಂಡರು. 2024ರ ಅಕ್ಟೋಬರ್ 22ರಂದು ಬಾಬುಸಾಪಾಳ್ಯದಲ್ಲಿ ಕಟ್ಟಡವೇ ಕುಸಿದು ಹಲವು ಕಾರ್ಮಿಕರು ಮಡಿದರು. ಇಂತಹ ದುರಂತಗಳ ಬೆನ್ನಲ್ಲಿ ನೋಟಿಸು, ಅಮಾನತು, ಪರಿಹಾರದ ಘೋಷಣೆ ಎಲ್ಲವೂ ಕ್ರಮವಾಗಿ ನಡೆಯುತ್ತವೆ. ಆದರೆ ಸ್ಥಳದಲ್ಲಿದ್ದ ಉಪಗುತ್ತಿಗೆದಾರರಲ್ಲಿ ಯಾರ ಬಳಿ ಯಾವ ವಿಮೆ ಇತ್ತು, ಅದು ಯಾರನ್ನು ಒಳಗೊಂಡಿತ್ತು ಎಂಬ ಪ್ರಶ್ನೆ ಸಾರ್ವಜನಿಕ ಚರ್ಚೆಗೆ ಬರುವುದೇ ಇಲ್ಲ. ಸರ್ಕಾರ ಕನಿಕರದಿಂದ ಕೊಡುವ ಹಣ ಪರಿಹಾರದ ವ್ಯವಸ್ಥೆಯಾಗಲಾರದು. ಸುದ್ದಿಯಾಗದ ಸಾವಿಗೆ ಅದು ದಕ್ಕುವುದೂ ಇಲ್ಲ.

ಸಾರುವೆಯ ಗುತ್ತಿಗೆದಾರ ಸಾಮಾನ್ಯವಾಗಿ ದೊಡ್ಡ ಉದ್ಯಮಿಯಲ್ಲ. ಒಂದು ಕಾಲದಲ್ಲಿ ತಾನೇ ಗಾರೆ ಕೆಲಸವನ್ನೋ ಸೆಂಟ್ರಿಂಗ್ ಕೆಲಸವನ್ನೋ ಮಾಡಿದ್ದ ಮೇಸ್ತ್ರಿ ಆತ. ಕೊಳವೆ, ಕಪ್ಲರ್, ಜಾಕ್, ಹಲಗೆಗಳನ್ನು ತುಂಬಿದ ಒಂದು ಗೋದಾಮು, ಒಂದು ಲಾರಿ, ರಾಯಚೂರು-ಕಲಬುರಗಿಯಿಂದಲೋ ಬಿಹಾರ-ಒಡಿಶಾದಿಂದಲೋ ಬಂದ ಹತ್ತಿಪ್ಪತ್ತು ಕೆಲಸಗಾರರು ಅವನ ಬಂಡವಾಳ. ಅವನ ಮೇಲೆ ಮುಖ್ಯ ಗುತ್ತಿಗೆದಾರ, ಆತನ ಮೇಲೆ ಡೆವಲಪರ್, ಎಲ್ಲರ ಮೇಲೆ ನಿವೇಶನದ ಮಾಲೀಕ. ಈ ಏಣಿಯಲ್ಲಿ ಲಾಭ ಮೇಲಿನ ಮೆಟ್ಟಿಲುಗಳಲ್ಲಿ ನಿಲ್ಲುತ್ತದೆ. ಅಪಾಯ ಕೆಳಗಿಳಿದು, ಅದನ್ನು ಹೊರಲು ಅತ್ಯಂತ ಅಶಕ್ತನಾದವನ ಬಳಿ ಬಂದು ಕೂರುತ್ತದೆ.

ಅವನ ವ್ಯವಹಾರದಲ್ಲಿರುವ ಅಪಾಯಗಳು ಮೂರು ಬಗೆಯವು: ಕೆಲಸಗಾರ ಬೀಳುವುದು, ದಾರಿಹೋಕರಿಗೋ ನೆರೆಮನೆಗೋ ಹಾನಿಯಾಗುವುದು ಮತ್ತು ಸ್ವಂತ ಸಾಮಗ್ರಿ ನಷ್ಟವಾಗುವುದು. ಮೂರಕ್ಕೂ ನಮ್ಮ ಮಾರುಕಟ್ಟೆಯಲ್ಲಿ ವಿಮೆ ಇದೆ. ಆದರೆ ಮುಖ್ಯ ಗುತ್ತಿಗೆದಾರ 'ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ಸ್' ಪಾಲಿಸಿ ತೆಗೆದುಕೊಂಡಿದ್ದಾನೆ, ಆದ್ದರಿಂದ ಎಲ್ಲರೂ ಸುರಕ್ಷಿತರು ಎಂಬ ಭಾವನೆ ವ್ಯಾಪಕವಾಗಿದೆ. ಅದು ಅರ್ಧ ಸತ್ಯ ಮಾತ್ರ. ಆ ಪಾಲಿಸಿ ಕಾಮಗಾರಿಯ ಹಾನಿಯನ್ನೂ ಮೂರನೆಯವರ ಹಾನಿಯನ್ನೂ ತುಂಬಿಕೊಡುತ್ತದೆಯೇ ಹೊರತು, ವಿಮೆದಾರನ ಸ್ವಂತ ನೌಕರರು ಅದರ ದೃಷ್ಟಿಯಲ್ಲಿ ಮೂರನೆಯವರಲ್ಲ. ಉಪಗುತ್ತಿಗೆದಾರರನ್ನು ವಿಮೆದಾರರ ಸಾಲಿನಲ್ಲಿ ಸೇರಿಸದಿದ್ದರೆ, ಪರಿಹಾರ ತೆತ್ತ ವಿಮಾ ಕಂಪನಿಯೇ ಆ ಹಣಕ್ಕಾಗಿ ಸಾರುವೆಯವನ ಬೆನ್ನು ಹತ್ತಬಹುದು. ನೌಕರರ ಪರಿಹಾರದ ಪಾಲಿಸಿಯಲ್ಲೂ ಉಪಗುತ್ತಿಗೆಯ ಕೆಲಸಗಾರರನ್ನು ಪ್ರತ್ಯೇಕವಾಗಿ ಸೇರಿಸಬೇಕು, ಅವರ ಕೂಲಿಯನ್ನು ಘೋಷಿಸಬೇಕು. ನಗದಿನಲ್ಲಿ ಬಟವಾಡೆ ಮಾಡಿ ಮೂವತ್ತು ಜನರ ಬದಲು ಹತ್ತು ಜನರನ್ನು ತೋರಿಸಿದವನಿಗೆ ಪ್ರೀಮಿಯಂ ಉಳಿಯುತ್ತದೆ; ಅಪಘಾತದ ದಿನ ರಕ್ಷಣೆ ಉಳಿದಿರುವುದಿಲ್ಲ.

ಮೊತ್ತ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡೋಣ. ಮೂವತ್ತು ವರ್ಷದ ಕಾರ್ಮಿಕನೊಬ್ಬ ಸಾರುವೆಯಿಂದ ಬಿದ್ದು ಮೃತಪಟ್ಟನೆಂದು ಭಾವಿಸಿ. ಪರಿಹಾರದ ಲೆಕ್ಕಕ್ಕೆ ಕೇಂದ್ರ ಸರ್ಕಾರ 2020ರ ಜನವರಿಯಲ್ಲಿ ನಿಗದಿಪಡಿಸಿದ ಮಾಸಿಕ ವೇತನದ ಮಿತಿ 15,000 ರೂಪಾಯಿ. ಅದರ ಅರ್ಧ 7,500. ಆ ವಯಸ್ಸಿಗೆ ಅನುಸೂಚಿಯಲ್ಲಿರುವ ಗುಣಕ 207.98. ಗುಣಿಸಿದರೆ 15,59,850 ರೂಪಾಯಿ. ತಡವಾದರೆ ಶೇ 12ರ ಬಡ್ಡಿ, ಸಕಾರಣವಿಲ್ಲದೆ ತಡಮಾಡಿದರೆ ಪರಿಹಾರದ ಅರ್ಧದವರೆಗೆ ದಂಡ. ಒಂದು ಗೋದಾಮಿನ ಮಾಲೀಕನನ್ನು ಮುಳುಗಿಸಲು ಇಂತಹ ಒಂದೇ ಸಾವು ಸಾಕು. ಆದ್ದರಿಂದ ಆತ ಊರು ಬಿಡುತ್ತಾನೆ, ಇಲ್ಲವೇ ಮೃತನ ಬಂಧುಗಳಿಗೆ ಲಕ್ಷವೋ ಎರಡು ಲಕ್ಷವೋ ಕೊಟ್ಟು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ.

ಕಾನೂನು ಇಲ್ಲವೆಂದಲ್ಲ. ಗುತ್ತಿಗೆದಾರನ ಕೆಲಸಗಾರರಿಗೂ ಮೂಲ ಉದ್ಯೋಗದಾತನೇ ಹೊಣೆ ಎಂಬ ತತ್ವ 1923ರ ಕಾರ್ಮಿಕ ಪರಿಹಾರ ಕಾಯ್ದೆಯಲ್ಲೇ ಇತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಮುಂದುವರಿದಿದೆ. ಆದರೆ ಹೊಣೆ ಹೊರಿಸುವುದು ಬೇರೆ, ಆ ಹೊಣೆ ನಿಭಾಯಿಸಲು ಹಣ ಇರುವಂತೆ ನೋಡಿಕೊಳ್ಳುವುದು ಬೇರೆ. 1923ರ ಕಾಯ್ದೆಯಡಿ ವಿಮೆ ಪಡೆಯುವುದು ಕಡ್ಡಾಯವಲ್ಲ, ಆದಕಾರಣ ಬಡ್ಡಿಯ ಹೊಣೆಯನ್ನು ಪಾಲಿಸಿಯ ಷರತ್ತಿನ ಮೂಲಕ ಹೊರಗಿಡಬಹುದು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ವಾಹನ ವಿಮೆಗೂ ಕಾರ್ಮಿಕ ವಿಮೆಗೂ ಇರುವ ಅಂತರ ಅಲ್ಲಿ ನಿಚ್ಚಳವಾಯಿತು. ಸಂಹಿತೆ ಬಂದ ಮೇಲೂ ಆ ಅಂತರ ಮುಚ್ಚಿಲ್ಲ.

ಮಾರುಕಟ್ಟೆ ತಾನೇ ಇದನ್ನು ಸರಿಪಡಿಸಲಿ ಎನ್ನುವವರಿಗೆ ನನ್ನ ಉತ್ತರ ಸರಳ. ಸೇವೆಯಲ್ಲಿದ್ದಾಗ ಹಲವು ವರ್ಷ ಟೆಂಡರ್ ಕಡತಗಳನ್ನು ನೋಡಿದ್ದೇನೆ. ವಿಮೆ ಮಾಡಿಸಿ ಸುರಕ್ಷತಾ ಬೆಲ್ಟು ಕೊಟ್ಟವನ ದರ ಹೆಚ್ಚು. ಏನೂ ಮಾಡದವನ ದರ ಕಡಿಮೆ. ಕೆಲಸ ಕಡಿಮೆ ದರದವನಿಗೆ. ಕೆಟ್ಟ ನಾಣ್ಯ ಒಳ್ಳೆಯ ನಾಣ್ಯವನ್ನು ಚಲಾವಣೆಯಿಂದ ಹೊರದೂಡುತ್ತದೆಂಬ ಗ್ರೆಶಾಮನ ಸೂತ್ರ ಇಲ್ಲಿಯೂ ಸಲ್ಲುತ್ತದೆ. ವಿಮೆಯ ಷರತ್ತಿರುವ ಸರ್ಕಾರಿ ಕಾಮಗಾರಿಗಳಲ್ಲೂ ಕರಾರಿನ ದಿನ ಒಂದು ವರ್ಷದ ಪಾಲಿಸಿಯ ಪ್ರತಿ ಕಡತ ಸೇರುತ್ತಿತ್ತು. ಕಾಮಗಾರಿ ಮೂರು ವರ್ಷ ನಡೆದರೂ ನವೀಕರಣವಾಯಿತೇ ಎಂದು ವಿಚಾರಿಸುವ ಪರಿಪಾಠ ಇರಲಿಲ್ಲ.

ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್ ಇದೆಯಲ್ಲ ಎಂದು ಓದುಗರು ಕೇಳಬಹುದು. ರಾಜ್ಯಗಳು ಸಂಗ್ರಹಿಸಿದ ಸೆಸ್‌ನ ಭಾರಿ ಮೊತ್ತ ಬಳಕೆಯಾಗದೆ ಉಳಿದುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಕಟುವಾಗಿ ಟೀಕಿಸಿತ್ತು. ನೆರವು ಸಿಗುವುದು ನೋಂದಾಯಿತರಿಗೆ. ತಿಂಗಳಿಗೊಂದು ನಿವೇಶನಕ್ಕೆ ವಲಸೆ ಹೋಗುವವನು ನೋಂದಣಿಯ ಕಣ್ಣಿಗೆ ಬೀಳುವುದು ಕಷ್ಟ. ಇದಕ್ಕಿಂತ ಮೂಲಭೂತವಾದ ದೋಷವೆಂದರೆ, ಸೆಸ್ ಎಲ್ಲರಿಗೂ ಒಂದೇ ದರದ್ದು. ಸಾರುವೆಯನ್ನು ಎಚ್ಚರದಿಂದ ಕಟ್ಟಿದವನಿಗೂ ಹಗ್ಗ ಬಿಗಿದು ಕೈತೊಳೆದುಕೊಂಡವನಿಗೂ ಅದು ಭೇದ ಮಾಡುವುದಿಲ್ಲ. ವಿಮೆಯ ಪ್ರೀಮಿಯಂ ಆ ಭೇದ ಮಾಡಬಲ್ಲದು. ಐಎಸ್ 3696 ಮತ್ತು ಐಎಸ್ 4014 ಮಾನದಂಡಗಳನ್ನು ಪಾಲಿಸಿದವನಿಗೆ ರಿಯಾಯಿತಿ, ಪದೇ ಪದೇ ಅಪಘಾತವಾದವನಿಗೆ ಹೆಚ್ಚಿನ ದರ ಎಂದಾದರೆ, ಇನ್‌ಸ್ಪೆಕ್ಟರ್ ಕಾಲಿಡದ ಜಾಗದಲ್ಲಿ ವಿಮಾ ಕಂಪನಿಯ ಸರ್ವೇಯರ್ ಕಾಲಿಡುತ್ತಾನೆ. ವಿಮೆ ಇದ್ದರೆ ನಿರ್ಲಕ್ಷ್ಯ ಹೆಚ್ಚುತ್ತದೆಂಬ ಆಕ್ಷೇಪಕ್ಕೂ ಇದೇ ಉತ್ತರ.

ಕಡ್ಡಾಯಕ್ಕೂ ಮಿತಿ ಬೇಕೆಂಬುದನ್ನು ನ್ಯೂಯಾರ್ಕ್ ತೋರಿಸಿದೆ. 1885ರಲ್ಲಿ ಬೇರುಬಿಟ್ಟ ಅಲ್ಲಿನ 'ಸಾರುವೆ ಕಾನೂನು' ಎತ್ತರದಿಂದ ಬಿದ್ದವರ ವಿಷಯದಲ್ಲಿ, ತಕ್ಕ ರಕ್ಷಣೆ ಒದಗಿಸದ ಮಾಲೀಕ ಮತ್ತು ಗುತ್ತಿಗೆದಾರರ ಮೇಲೆ ಸಂಪೂರ್ಣ ಹೊಣೆ ಹೊರಿಸುತ್ತದೆ. ಕಾರ್ಮಿಕ ಸಂಘಗಳು ಅದನ್ನು ಕಾಪಾಡಿಕೊಂಡು ಬಂದಿವೆ. ಪ್ರೀಮಿಯಂ ಕೈಗೆಟುಕದಂತಾಗಿದೆ ಎಂದು ಗುತ್ತಿಗೆದಾರರು ದೂರುತ್ತಾರೆ. ನಮ್ಮಲ್ಲಿ ಪರಿಹಾರದ ಲೆಕ್ಕ ಅನುಸೂಚಿಗೆ ಬದ್ಧವಾಗಿರುವುದರಿಂದ ವಿಮಾ ಕಂಪನಿಗಳು ನೌಕರರ ಅಪಾಯವನ್ನು ಅಳೆಯುವುದು ಸುಲಭ. ಅವರ ಅತಿರೇಕವನ್ನು ಬಿಟ್ಟು ತಿರುಳನ್ನು ನಾವು ತೆಗೆದುಕೊಳ್ಳಬಹುದು.

ಆಗಬೇಕಾದುದು ಇಷ್ಟು. ಮೊದಲನೆಯದಾಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ವ್ಯಾಪ್ತಿಯ ಐದು ನಗರಪಾಲಿಕೆಗಳೂ ಕಾಮಗಾರಿ ಪ್ರಾರಂಭಿಕ ಪತ್ರ ನೀಡುವ ಮುನ್ನ, ಎಲ್ಲ ಉಪಗುತ್ತಿಗೆದಾರರನ್ನೂ ಒಳಗೊಂಡ ಒಂದೇ ಯೋಜನಾ ವಿಮೆಯನ್ನು ಡೆವಲಪರ್‌ನಿಂದ ಕೇಳಬೇಕು. ಸರ್ಕಾರ ಅಧಿಸೂಚಿಸುವ ವಿಮೆಗಳನ್ನು ಡೆವಲಪರ್ ಪಡೆಯಬೇಕೆಂದು 2016ರ ರೇರಾ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ನಿರ್ಮಾಣದ ವಿಮೆಯೂ ಅದರಲ್ಲಿ ಸೇರಿದೆ. ಎರಡನೆಯದಾಗಿ, ಟೆಂಡರ್‌ಗಳಲ್ಲಿ ಪ್ರೀಮಿಯಂ ಅನ್ನು ದರದ ಸ್ಪರ್ಧೆಯಿಂದ ಹೊರಗಿಟ್ಟು ವಾಸ್ತವ ವೆಚ್ಚದಂತೆ ಮರುಪಾವತಿಸಬೇಕು. ಪ್ರತಿ ಬಿಲ್ಲಿನೊಂದಿಗೆ ಚಾಲ್ತಿ ಪಾಲಿಸಿಯನ್ನು ಪರಿಶೀಲಿಸಬೇಕು. ಮೂರನೆಯದಾಗಿ, ಸ್ವಂತ ವಾಸಕ್ಕೆಂದು 50 ಲಕ್ಷ ರೂಪಾಯಿಯೊಳಗೆ ಕಟ್ಟುವ ಮನೆಗಳು ಸಂಹಿತೆಯ ನಿರ್ಮಾಣ ಕಾರ್ಮಿಕರ ಅಧ್ಯಾಯದಿಂದ ಹೊರಗಿವೆ. ಅಂತಹವರಿಗೆ ನಕ್ಷೆ ಮಂಜೂರಾತಿಯೊಂದಿಗೇ ಅಲ್ಪಾವಧಿ ವಿಮೆ ದೊರೆಯುವಂತಾಗಬೇಕು.

ಮನೆಯ ಬೆಲೆ ಇದರಿಂದ ತುಸು ಏರೀತು, ನಿಜ. ಆದರೆ ಆ ಹಣ ಈಗ ಯಾರಿಗೂ ಉಳಿತಾಯವಾಗುತ್ತಿಲ್ಲ. ಫ್ಲ್ಯಾಟು ಕೊಂಡವರು ಕಟ್ಟಬೇಕಾದ ಕಂತನ್ನು ದೂರದ ಹಳ್ಳಿಯೊಂದರಲ್ಲಿ, ದುಡಿಯುವವನನ್ನು ಕಳೆದುಕೊಂಡ ಕುಟುಂಬ ವರ್ಷಗಟ್ಟಲೆ ಕಟ್ಟುತ್ತಿದೆ.