ಬೇಕಲ ಕೋಟೆಯ ವಾರಸುದಾರರು ಯಾರು?

ಕಾಸರಗೋಡಿನ ದಕ್ಷಿಣಕ್ಕೆ ಅರಬಿ ಸಮುದ್ರದತ್ತ ಚಾಚಿ ನಿಂತಿರುವ ಬೇಕಲ ಕೋಟೆ ಇಂದು ಸಾರ್ವಜನಿಕರ ವಿಹಾರ ತಾಣ. ಸೈನಿಕರು ಕಾವಲು ಕಾದ ನೆಲದಲ್ಲಿ ಹುಲ್ಲುಹಾಸು ಹರಡಿದೆ. ಕೊತ್ತಳಗಳ ಮೇಲೆ ಮಕ್ಕಳು ಆಡುತ್ತಿದ್ದಾರೆ. ಯುದ್ಧಕ್ಕೆಂದು ಕಟ್ಟಿದ್ದು ಜನರ ವಿಶ್ರಾಂತಿಗೆ ಒದಗಿರುವುದು ಸಂತೋಷದ ಸಂಗತಿಯೇ. ಆದರೆ ಅಲ್ಲಿಂದ ಮರಳುವವರು ಛಾಯಾಚಿತ್ರಗಳ ಹೊರತು ಇತಿಹಾಸದ ಒಂದು ಪುಟವನ್ನಾದರೂ ಒಯ್ಯುತ್ತಾರೆಯೇ?

17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕನು ಈ ಕೋಟೆಯನ್ನು ಕಟ್ಟಿಸಿದನೆಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. 1763ರಲ್ಲಿ ಬಿದನೂರು ಹೈದರಾಲಿಯ ವಶವಾದಾಗ ಕೆಳದಿಯ ಕರಾವಳಿಯೂ ಕೈ ಬದಲಾಯಿಸಿತು. ಟಿಪ್ಪು ಸುಲ್ತಾನನಿಗೆ ಬೇಕಲವು ಪ್ರಮುಖ ಸೇನಾನೆಲೆಯಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಅದು ಈಸ್ಟ್ ಇಂಡಿಯಾ ಕಂಪೆನಿಯ ಪಾಲಾಯಿತು. 1956ರಲ್ಲಿ ಕಾಸರಗೋಡಿನೊಂದಿಗೆ ಕೇರಳಕ್ಕೆ ಸೇರಿತು. 1992ರಲ್ಲಿ ಕೇಂದ್ರ ಸರಕಾರ ಇದನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಘೋಷಿಸಿತು.

ಈ ಕೋಟೆಯಲ್ಲಿ ಅರಮನೆಯಿಲ್ಲ. ಇರುವುದು ಮೆಟ್ಟಿಲುಗಳ ಕೊಳ, ಮದ್ದಿನ ಮನೆ, ವೀಕ್ಷಣಾ ಗೋಪುರ ಮತ್ತು ಗೋಡೆಯ ಕಿಂಡಿಗಳು. ಪ್ರವೇಶದ್ವಾರದ ಬಳಿ ಮುಖ್ಯಪ್ರಾಣನ ಗುಡಿ, ಸಮೀಪದಲ್ಲೇ ಒಂದು ಹಳೆಯ ಮಸೀದಿ. ಇಂತಹ ನೆಲವನ್ನು ಒಂದು ಧರ್ಮದ, ಒಂದು ಭಾಷೆಯ ಸೊತ್ತೆಂದು ವಾದಿಸಲು ಸಾಧ್ಯವೇ?

ಆದರೂ ಇತಿಹಾಸವನ್ನು ಪಾಲು ಮಾಡುವ ಕೆಲಸ ನಿರಾತಂಕವಾಗಿ ನಡೆದಿದೆ. ಕರ್ನಾಟಕದಲ್ಲಿ 2015ರಲ್ಲಿ ಒಂದು ಸರಕಾರ ಟಿಪ್ಪು ಜಯಂತಿಯನ್ನು ಆರಂಭಿಸಿತು, 2019ರಲ್ಲಿ ಇನ್ನೊಂದು ಸರಕಾರ ರದ್ದುಗೊಳಿಸಿತು. ಒಂದು ಪಕ್ಷಕ್ಕೆ ಮತ ಬೇಕಿತ್ತು, ಇನ್ನೊಂದಕ್ಕೆ ದ್ವೇಷ ಬೇಕಿತ್ತು. ಟಿಪ್ಪು ಇಬ್ಬರಿಗೂ ಬೇಕಿರಲಿಲ್ಲ.

ನಮ್ಮ ಸಮುದಾಯವೂ ಆತ್ಮಾವಲೋಕನ ಮಾಡಿಕೊಳ್ಳಬೇಕಾಗಿದೆ. ಟಿಪ್ಪುವಿನ ಚಿತ್ರವನ್ನು ಬ್ಯಾನರುಗಳಿಗೆ ಏರಿಸುವ ನಮ್ಮ ಯುವಕರಲ್ಲಿ, ಆತ ರೇಷ್ಮೆ ಕೃಷಿಗೆ ನೀಡಿದ ಉತ್ತೇಜನವನ್ನಾಗಲೀ ರಾಕೆಟ್‌ಗಳನ್ನು ಯುದ್ಧದಲ್ಲಿ ಬಳಸಿದ ಬಗೆಯನ್ನಾಗಲೀ ಓದಿದವರು ಎಷ್ಟು ಮಂದಿ? ಮಲಬಾರಿನ ದಂಡಯಾತ್ರೆಗಳು ಜನಸಾಮಾನ್ಯರಿಗೆ ತಂದ ಸಂಕಟವನ್ನು ಒಪ್ಪಿಕೊಳ್ಳುವ ಎದೆಗಾರಿಕೆ ನಮ್ಮಲ್ಲಿ ಎಷ್ಟಿದೆ? ತನ್ನವರ ವಿರುದ್ಧವಾದರೂ ಸತ್ಯಕ್ಕೆ ಸಾಕ್ಷಿ ನಿಲ್ಲಬೇಕೆಂಬುದು ಪವಿತ್ರ ಕುರ್‌ಆನಿನ ಆದೇಶ. ಅರಸನೊಬ್ಬನನ್ನು ಟೀಕೆಗೆ ಅತೀತನೆಂದು ಭಾವಿಸುವುದು ಇಸ್ಲಾಮಿನ ಕ್ರಮವಲ್ಲ. ಅವನ ಧರ್ಮವನ್ನು ನೋಡಿ ಖಳನಾಯಕನನ್ನಾಗಿಸುವುದು ನ್ಯಾಯದ ಕ್ರಮವೂ ಅಲ್ಲ.

ಭೂಮಿಯಲ್ಲಿ ಸಂಚರಿಸಿ, ಗತಿಸಿದವರ ಪರಿಣಾಮವನ್ನು ಕಂಡು ಪಾಠ ಕಲಿಯಲು ಕುರ್‌ಆನ್ ಮತ್ತೆ ಮತ್ತೆ ಕರೆ ನೀಡುತ್ತದೆ. ಶಾಲೆಗಳೂ ಮದ್ರಸಗಳೂ ಮಕ್ಕಳನ್ನು ಬೇಕಲಕ್ಕೆ ಕರೆದೊಯ್ಯಲಿ. ನಾಯಕರ, ಸುಲ್ತಾನರ, ಕಂಪೆನಿಯ ಕಥೆಯನ್ನು ಏನನ್ನೂ ಮರೆಮಾಚದೆ ಹೇಳಲಿ. ಕಟ್ಟಿಸಿದವರು, ಗೆದ್ದವರು, ಆಳಿದವರು ಎಲ್ಲರೂ ಹೋದರು. ಈಗ ಕೋಟೆ ಉಳಿದಿರುವುದು ಜನರ ಪಾಲಿಗೆ. ಅದರ ಇತಿಹಾಸವೂ ಅವರಿಗೇ ಸೇರಬೇಕು.